ಸೋಗಿಲ್ಲದ ನಂಬಿಕೆ



ಹೋದ ವರ್ಷದ ಹಿಂದಿನ ಬೇಸಿಗೆಯಲ್ಲಿ ಖಾನಾಪುರದ ಸಂತೆಗೆ ಹರವಿ ಕೊಳ್ಳಲು ಹೋಗಿದ್ದೆ. ಮಣ್ಣಿನ ಕೆಲಸಕ್ಕೆ ಹೆಸರಾದ ಊರದು. ಒಳ್ಳೆ ಕೆಂಪಗಿದ್ದ ಹರವಿಯೊಂದನ್ನು ಎತ್ತಿಕೊಂಡೆ. ಮಾರುವಾಕೆ, "ಬಣ್ಣಾ ಏನ್ ನೋಡ್ತೀರಿ, ಬಾರಿಸಿ ನೋಡ್ರಿ" ಅಂದಳು. ಬಾರಿಸಿದೆ. ನನ್ನ ಕಿವಿಗೆ ಏನೂ ತಿಳಿಯಲಿಲ್ಲ. ಅವಳೇ ಇಸಿದುಕೊಂಡು ಬೆರಳ ಗೆಣ್ಣಿನಿಂದ ಎರಡು ಸಲ ಬಡಿದಳು. ಠಣ್ ಅನ್ನಬೇಕಾದದ್ದು ಬದ್ ಅಂದಿತು. ಸುಮ್ಮನೆ ಅದನ್ನು ತನ್ನ ಬೆನ್ನ ಹಿಂದೆ ಸರಿಸಿಟ್ಟಳು.

ಇವತ್ತಿನ ಮಾತಿಗೆ ಆ ಹರವಿಯೇ ನೆನಪಾಗುತ್ತಿದೆ. ತಿಮೊಥೆಯನಿಗೆ ಬರೆದ ಮೊದಲ ಪತ್ರದ ಆರಂಭದಲ್ಲೇ ಸಂತ ಪೌಲ ಕ್ರೈಸ್ತ ಉಪದೇಶದ ಗುರಿ ಪ್ರೀತಿ ಎನ್ನುತ್ತಾನೆ. ಆ ಪ್ರೀತಿ ಶುದ್ಧ ಹೃದಯದಿಂದ, ಒಳ್ಳೆಯ ಮನಸ್ಸಾಕ್ಷಿಯಿಂದ, ಕಪಟವಿಲ್ಲದ ನಂಬಿಕೆಯಿಂದ ಹುಟ್ಟಬೇಕು. ಕಪಟಕ್ಕೆ ಅಲ್ಲಿರುವ ಗ್ರೀಕ್ ಮಾತಿನ ಬೇರು ನಾಟಕದ ನಟನನ್ನು ಸೂಚಿಸುವ ಪದ. ಪಾರಿಜಾತದ ಆಟ ನೋಡಿ ಬೆಳೆದ ನಮ್ಮ ಬೆಳಗಾವಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ನಮ್ಮಲ್ಲಿ ಅದಕ್ಕೆ 'ಸೋಗು' ಎಂಬ ಮಾತೇ ಇದೆ.

ಬೆಳಗಾವಿಗೆ ಈ ಉಪದೇಶ ಬಂದು ಇನ್ನೂರು ವರ್ಷ ದಾಟಿತು. ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ ಇಲ್ಲಿ ಕೆಲಸ ಶುರುಮಾಡಿದ್ದು 1820ರಲ್ಲಿ. ಮುಂದೆ ಆ ಕೆಲಸ ಮೆಥೊಡಿಸ್ಟರ ಕೈಗೆ ಬಂತು. ಕಥೋಲಿಕರ ಬೆಳಗಾವಿ ಧರ್ಮಪ್ರಾಂತ್ಯ ಆದದ್ದು 1953ರಲ್ಲಿ. ಕನ್ನಡ, ಮರಾಠಿ, ಕೊಂಕಣಿ, ಇಂಗ್ಲಿಷ್, ಇಷ್ಟೂ ಭಾಷೆಗಳಲ್ಲಿ ಇಲ್ಲಿ ಪ್ರಾರ್ಥನೆ ನಡೆಯುತ್ತದೆ. ಗಡಿಯ ಜಗಳ ಬೀದಿಯಲ್ಲಿ ಕಾವೇರಿದ ದಿನವೂ ನಡೆಯುತ್ತದೆ ಎಂಬುದು ಸಣ್ಣ ಮಾತಲ್ಲ.

ಆದರೆ ಸೋಗಿನ ಪ್ರಶ್ನೆ ಕೆಣಕುವುದು ಬೈಲಹೊಂಗಲ ತಾಲ್ಲೂಕಿನ ದೇಶನೂರಿನಲ್ಲಿ. ಅಲ್ಲಿ ಸ್ನಾನಿಕ ಅರುಳಪ್ಪನವರ ಹೆಸರಿನ ವಿರಕ್ತಮಠವಿದೆ. ಸ್ನಾನಿಕ ಅರುಳಪ್ಪ ಅಂದರೆ ಯೇಸುವಿಗೆ ದೀಕ್ಷಾಸ್ನಾನ ಕೊಟ್ಟ ಯೊವಾನ್ನ. ಯೇಸುಸಭೆಯ ಪಾದ್ರಿಯೊಬ್ಬರು ಕಾವಿ ಉಟ್ಟು, ಮಾಂಸ ಬಿಟ್ಟು, ಸ್ವಾಮಿ ಅನಿಮಾನಂದ ಎಂಬ ಹೆಸರಿನಿಂದ ಅಲ್ಲಿ ಬಾಳಿದರು. ಕಾವಿ ಉಟ್ಟ ಪಾದ್ರಿ ಎಂದರೆ ಸೋಗಲ್ಲವೇ? ಹಳೆಯ ಪ್ರಶ್ನೆ ಇದು. 1606ರಲ್ಲಿ ಮದುರೆಗೆ ಬಂದು ಸನ್ಯಾಸಿಯಂತೆ ಬದುಕಿದ ಯೇಸುಸಭೆಯ ಪಾದ್ರಿ ಡಿ ನೊಬಿಲಿಗೂ ಇದನ್ನೇ ಕೇಳಿದರು. ದೂರು ರೋಮಿನವರೆಗೆ ಹೋಗಿ, 1623ರಲ್ಲಿ ಪೋಪರು ಆತನಿಗೆ ಅನುಮತಿ ಕೊಟ್ಟರು.

ಪೌಲನ ಬಳಿ ಇದಕ್ಕೊಂದು ಅಳತೆಗೋಲಿದೆ. ಕೊರಿಂಥದಲ್ಲಿ ಮೂರ್ತಿಗಳಿಗೆ ಅರ್ಪಿಸಿದ ಮಾಂಸ ತಿನ್ನಬಹುದೇ ಎಂದು ತಕರಾರು ಎದ್ದಿತ್ತು. ತಿಂದರೆ ತಪ್ಪಿಲ್ಲ ಎಂಬುದು ಪೌಲನ ಸ್ವಂತ ತಿಳಿವಳಿಕೆ. ಆದರೂ ಪಕ್ಕದವನ ಮನಸ್ಸಾಕ್ಷಿಗೆ ಪೆಟ್ಟಾಗುವುದಾದರೆ ತಾನು ಮಾಂಸವನ್ನೇ ಮುಟ್ಟೆ ಎಂದ. ತನ್ನ ಹಕ್ಕನ್ನು ಇನ್ನೊಬ್ಬನಿಗಾಗಿ ಬಿಡುವುದನ್ನೇ ಆತ ಪ್ರೀತಿ ಎಂದು ತಿಳಿದ. ಲಿಂಗಾಯತರ ಊರಿನಲ್ಲಿ ಅನಿಮಾನಂದರು ಮಾಂಸ ಬಿಟ್ಟದ್ದನ್ನು ನಾನು ಹಾಗೆಯೇ ಓದುತ್ತೇನೆ. ನೋಡುವವರಿಲ್ಲದ ಅಡುಗೆಮನೆಯಲ್ಲೂ ಬಿಟ್ಟಿದ್ದರೆ ಅದು ಸೋಗಲ್ಲ.

ಕಥೋಲಿಕರ ಪಾಪನಿವೇದನೆಯಲ್ಲೂ ಇದೇ ಬಿಗಿ ಇದೆ. ಅಕ್ಕಿಯನ್ನು ಕಡಿಮೆ ಅಳೆದು ಕೊಟ್ಟವನು ಪಾದ್ರಿಯ ಕಿವಿಯಲ್ಲಿ ಹೇಳಿಕೊಂಡು ಎದ್ದುಬಂದರೆ ಸಾಲದು, ಕೈಲಾದ ಮಟ್ಟಿಗೆ ಕೊಂಡವನ ಮನೆಗೆ ಅಕ್ಕಿ ಮುಟ್ಟಬೇಕು. ಕಣ್ಣೀರು ಸುಲಭ, ಆ ಮನೆಯ ಬಾಗಿಲು ಬಡಿಯುವುದು ಕಷ್ಟ.

ಮತ್ತೆ ಸಂತೆಗೆ ಬರೋಣ. ಆ ಹೆಂಗಸು ಯಾವ ದೇವರಿಗೆ ಕೈಮುಗಿಯುತ್ತಾಳೋ ನಾನು ಕೇಳಲಿಲ್ಲ. ಸೀಳು ಹರವಿಯನ್ನು ನನ್ನ ಕಿವಿ ಹಿಡಿಯಲಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬೇರೊಂದನ್ನು ಬಾರಿಸಿ ಕೊಟ್ಟಳು. ಎರಡು ಬೇಸಿಗೆ ಅದರಲ್ಲೇ ತಣ್ಣೀರು ಕುಡಿದಿದ್ದೇವೆ.