ಓತಿಯ ನೆರಳಿನ ಲೆಕ್ಕ



ನಾನು ಪ್ರಾಣಿಶಾಸ್ತ್ರ ಕಲಿತವನಲ್ಲ. ಮೆಟ್ರಿಕ್ ಮುಗಿಸಿ ಗಿರಣಿಯಲ್ಲಿ ಹಾಜರಿ ಬರೆಯುವ ಕಾರಕೂನ. ಓದಿ ತಿಳಿದ ಒಂದು ಸಂಗತಿಯನ್ನು ತಮ್ಮ ಮುಂದಿಡುತ್ತೇನೆ.

ಹಕ್ಕಿಗಳದು ಬಿಸಿರಕ್ತ, ಹಾವು ಹಲ್ಲಿಗಳದು ತಣ್ಣನೆಯ ರಕ್ತ ಎಂದು ಶಾಲೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಈ ಗೆರೆ ಅಷ್ಟು ನೇರವಲ್ಲ ಎಂಬುದು ಅಮೆರಿಕದ ಕ್ಯಾಲಿಫೋರ್ನಿಯಾ ಮರುಭೂಮಿಯಲ್ಲಿ ತಿಳಿದುಬಂತು.

ಅಲ್ಲಿ ರೇಮಂಡ್ ಕೌಲ್ಸ್, ಚಾರ್ಲ್ಸ್ ಬೋಗರ್ಟ್ ಎಂಬ ಇಬ್ಬರು ವಿಜ್ಞಾನಿಗಳು ನಮ್ಮ ಓತಿಕ್ಯಾತದಂಥ ಪ್ರಾಣಿಗಳನ್ನು ಹಿಡಿದು, ಸಣ್ಣ ಥರ್ಮಾಮೀಟರಿನಿಂದ ಅವುಗಳ ಮೈಶಾಖ ಅಳೆದರು. ಆ ಲೆಕ್ಕ 1944ರಲ್ಲಿ ಪ್ರಕಟವಾಯಿತು. ಓಡಾಡುವ ಹೊತ್ತಿನಲ್ಲಿ ಹಲವು ಜಾತಿಯ ಓತಿಗಳ ಮೈ ಸುಮಾರು 37–38 ಡಿಗ್ರಿ ಸೆಂಟಿಗ್ರೇಡ್; ಹೆಚ್ಚುಕಡಿಮೆ ನಮ್ಮ ಮೈಯಷ್ಟೇ ಬಿಸಿ! ಬೆಳಿಗ್ಗೆ ಓತಿ ಮೈ ಚಪ್ಪಟೆ ಮಾಡಿ ಬಿಸಿಲಿಗೆ ಒಡ್ಡುತ್ತದೆ. ಸಾಕೆನಿಸಿದಾಗ ಗಿಡದ ನೆರಳಿಗೆ ಸರಿಯುತ್ತದೆ. ನಡುಹಗಲಲ್ಲಿ ಬಿಲ ಸೇರುತ್ತದೆ. ಹೀಗೆ ಬಿಸಿಲು ನೆರಳುಗಳ ನಡುವೆ ಓಡಾಡಿಯೇ ಅದು ಶಾಖವನ್ನು ಹದದಲ್ಲಿಡುತ್ತದೆ. ಆ ಹದಕ್ಕಿಂತ ಎಂಟು ಹತ್ತು ಡಿಗ್ರಿ ಏರಿದರೆ ಪ್ರಾಣವೇ ಹೋಗುತ್ತದೆ. ನೆರಳಿಗೆ ಹೋಗಗೊಡದೆ ಸುಡುಬಿಸಿಲಲ್ಲಿ ಕಟ್ಟಿಹಾಕಿದರೆ ಮರುಭೂಮಿಯಲ್ಲಿ ಹುಟ್ಟಿದ ಓತಿಯೂ ನಿಮಿಷಗಳಲ್ಲಿ ಸಾಯುತ್ತದೆ.

ಇನ್ನು ಹಕ್ಕಿಯ ಮಾತು. 1946ರ ಡಿಸೆಂಬರಿನಲ್ಲಿ ಎಡ್ಮಂಡ್ ಯೇಗರ್ ಎಂಬ ಸಂಶೋಧಕರು ಅದೇ ಸೀಮೆಯ ಚಕ್‌ವಾಲಾ ಬೆಟ್ಟಗಳಲ್ಲಿ, ಬಂಡೆಯ ಪೊಟರೆಯೊಳಗೆ ಒಂದು ಹಕ್ಕಿಯನ್ನು ಕಂಡರು. ಅದು ಪುವರ್‌ವಿಲ್, ನಮ್ಮ ನತ್ತಿಂಗದ ಬಳಗದ್ದು. ಮುಟ್ಟಿದರೂ ಅದಕ್ಕೆ ಎಚ್ಚರವಿಲ್ಲ. ಮುಂದಿನ ಚಳಿಗಾಲದಲ್ಲಿ ಅವರು ಮೂಗಿಗೆ ಕನ್ನಡಿ ಹಿಡಿದರೆ ಉಸಿರಿನ ಹಬೆಯಿಲ್ಲ. ಕಿವಿಗೊಟ್ಟು ಆಲಿಸಿದರೆ ಎದೆಬಡಿತವಿಲ್ಲ. ಮೈಶಾಖ 18–19 ಡಿಗ್ರಿ. ಆದರೂ ಜೀವ ಇತ್ತು. ಹುಳುಹುಪ್ಪಟೆ ಸಿಗದ ಚಳಿಗಾಲವನ್ನು ಅದು ಮೈ ತಣ್ಣಗೆ ಮಾಡಿಕೊಂಡು ನಿದ್ದೆಯಲ್ಲೇ ಕಳೆಯುತ್ತಿತ್ತು. ಗುರುತಿಗೆಂದು ಕಾಲಿಗೆ ಉಂಗುರ ತೊಡಿಸಿದರು. ಮರುವರ್ಷವೂ ಅದು ಅದೇ ಪೊಟರೆಗೆ ಬಂತು!

ಬಿಸಿರಕ್ತದ ಹಕ್ಕಿ ತಣ್ಣಗಾಗಿ ಬದುಕಿತು, ತಣ್ಣನೆಯ ರಕ್ತದ ಓತಿ ಬಿಸಿಯಾಗಿ ಬದುಕಿತು. ಇದರಿಂದ ನಮಗೇನು ಎಂದು ತಾವು ಕೇಳಬಹುದು.

2010ರಲ್ಲಿ ಮತ್ತೊಂದು ಲೆಕ್ಕ ಹೊರಬಿತ್ತು. ಮೆಕ್ಸಿಕೋ ದೇಶದ 200 ಸ್ಥಳಗಳಲ್ಲಿ 48 ಜಾತಿಯ ಓತಿಗಳನ್ನು ಮತ್ತೆ ಹುಡುಕಿದಾಗ, 1975ರಿಂದೀಚೆಗೆ ನೂರಕ್ಕೆ ಹನ್ನೆರಡು ನೆಲೆಗಳಲ್ಲಿ ಅವು ಅಳಿದಿದ್ದವು. ಗಿಡಮರ ಹಾಗೇ ಇದ್ದ ಕಡೆಗಳಲ್ಲೂ ಓತಿ ಇರಲಿಲ್ಲ. ಕಾರಣ, ವಸಂತಕಾಲದ ಸೆಕೆ ಏರಿದೆ. ಓತಿ ಬಹಳ ಹೊತ್ತು ನೆರಳಲ್ಲೇ ಕೂರಬೇಕಾಗಿದೆ. ಹೊರಗೆ ಬಂದರೆ ಬಿಸಿಲಿನ ಸಾವು, ಒಳಗೇ ಇದ್ದರೆ ಹಸಿವು. ಹೊಟ್ಟೆಗಿಲ್ಲದ ತಾಯಿ ಮರಿ ಮಾಡುವುದೆಂತು?

ಬಂಧುಗಳೇ, ನಮ್ಮವರಲ್ಲಿ ರಸ್ತೆಗೆ ಡಾಂಬರು ಹಾಕುವವರಿದ್ದಾರೆ, ಗಾರೆ ಕೆಲಸದವರಿದ್ದಾರೆ. ಅವರಿಗೆ ಬೆವರಿನ ತಂಪುಂಟು, ನಿಜ. ಆದರೆ ಬೆವರಿಗೆ ನೀರು ಬೇಕು, ನೀರು ಕುಡಿಯಲು ಬಿಡುವು ಬೇಕು. ವೈಶಾಖದ ನಡುಹಗಲಲ್ಲಿ ಅವರು ಒಂದು ಗಳಿಗೆ ಗೋಡೆಯ ಮರೆಗೆ ಕೂತರೆ ಮುಕಾದಮನ ಪುಸ್ತಕದಲ್ಲಿ ಅದು ‘ಕೆಲಸಗಳ್ಳತನ’ವಾಗುತ್ತದೆ. ಹಾಜರಿ ಬರೆಯುವವನಾದ ನಾನು ಹೇಳುತ್ತೇನೆ, ಆ ಗಳಿಗೆಯನ್ನು ದುಡಿಮೆಯ ಬಾಬಿಗೇ ಜಮೆ ಮಾಡಬೇಕು. ನೆರಳು ಕೇಳಲು ನಾಚಬೇಡಿ. ಜೊತೆಗಾರ ತಲೆಸುತ್ತು ಎಂದರೆ ಅವನನ್ನು ಕೂಡಲೇ ತಂಪಿಗೆ ಕರೆದೊಯ್ಯಿರಿ.