ಮೈಕು ಒಂದು ಕಡೆ, ಬ್ಯಾಟರಿ ಒಂದು ಕಡೆ



ಹೈದರಾಬಾದಿನಲ್ಲಿ ಕೂತು ಕನ್ನಡ ಕೇಳುವ ನಿಮ್ಮಲ್ಲಿ ಹಲವರು ಕಂಪ್ಯೂಟರ್ ಕೆಲಸದವರು. ಕೆಲವರು ಹೋಟೆಲು, ಅಂಗಡಿ, ಶಾಲೆ ನಡೆಸುವವರು. ಇನ್ನು ಕೆಲವರು ಕನ್ನಡ ಸಂಘದ ಕಾರ್ಯದರ್ಶಿಯೋ ಖಜಾಂಚಿಯೋ ಆಗಿ ಸಿಕ್ಕಿಹಾಕಿಕೊಂಡವರು. ನಿಮ್ಮೆಲ್ಲರಿಗೂ ಸಲ್ಲುವ ಒಂದು ಒಣ ವಿಷಯವನ್ನು ಇವತ್ತು ಎತ್ತಿಕೊಂಡಿದ್ದೇನೆ: ಸಾಮಾನಿನ ಪಟ್ಟಿ. ಯಂತ್ರ, ಸಾಫ್ಟ್‌ವೇರ್, ವೈರು, ಬ್ಯಾಟರಿ ಇವನ್ನೆಲ್ಲ ಯಾವ ಯಾವ ಗುಂಪಿಗೆ ಹಾಕಬೇಕು ಎಂಬುದು. ಸ್ವಲ್ಪ ತಾಳ್ಮೆ ಇರಲಿ, ಸ್ಟೇಷನ್ ಬದಲಿಸಬೇಡಿ!

ಮದುವೆ ಮನೆಯ ಉಗ್ರಾಣ ನೋಡಿದ್ದೀರಲ್ಲ? ಅಲ್ಲಿ ಕೂರುವ ಹಿರಿಯರು ಯಾವ ಕಂಪ್ಯೂಟರೂ ಇಲ್ಲದೆ ಈ ಕೆಲಸ ಮಾಡಿಬಿಡುತ್ತಾರೆ. ಅಕ್ಕಿ, ಬೇಳೆ, ತೆಂಗಿನಕಾಯಿ ಕೊಟ್ಟರೆ ವಾಪಸು ಬರುವುದಿಲ್ಲ, ಎಷ್ಟು ಉಳಿಯಿತು ಎಂಬುದಷ್ಟೇ ಲೆಕ್ಕ. ಸೌಟು, ಲೋಟ, ಬಕೆಟ್ಟುಗಳನ್ನು ಎಣಿಸಿ ಕೊಡಬೇಕು, ಎಣಿಸಿ ತೆಗೆದುಕೊಳ್ಳಬೇಕು. ಅತ್ತೆ ಮನೆಯಿಂದ ತಂದ ಬೆಳ್ಳಿ ತಟ್ಟೆಗೆ ಹೆಸರು ಕೊರೆಸಿರುತ್ತದೆ, ಅದು ಯಾರ ಕೈಗೆ ಹೋಯಿತೆಂದು ನೆನಪಿಡಬೇಕು. ಶಾಮಿಯಾನ ಬಾಡಿಗೆಯದು, ಅದಕ್ಕೆ ಗಡುವಿದೆ. ಹಿತ್ತಾಳೆ ಒಂದು ಕಡೆ, ಸ್ಟೀಲು ಒಂದು ಕಡೆ ಎಂದು ಅವರು ವಿಂಗಡಿಸಿಲ್ಲ. ವಾಪಸು ಬರುತ್ತದೆಯೇ, ಯಾರದು, ಎಲ್ಲಿಯವರೆಗೆ ನಮ್ಮದು? ಮೂರೇ ಪ್ರಶ್ನೆ.

ಈಗಿನ ಆಸ್ತಿ ನಿರ್ವಹಣೆಯ ತಂತ್ರಾಂಶಗಳೂ ಮಾಡುವುದು ಹೆಚ್ಚು ಕಡಿಮೆ ಇದನ್ನೇ. ಸ್ನೈಪ್-ಐಟಿ ಎಂಬ ಮುಕ್ತ ತಂತ್ರಾಂಶವಿದೆ. ಅದು ಸಾಮಾನನ್ನು ಐದು ಬಗೆಯಾಗಿ ನೋಡುತ್ತದೆ. ನಮ್ಮ ಸ್ಟುಡಿಯೊದಂಥ ಜಾಗವನ್ನೇ ಉದಾಹರಣೆಗೆ ಇಟ್ಟುಕೊಳ್ಳಿ. ಮಿಕ್ಸರಿಗೆ, ಒಳ್ಳೆಯ ಮೈಕಿಗೆ ತನ್ನದೇ ನಂಬರು, ತನ್ನದೇ ಚರಿತ್ರೆ: ಯಾವಾಗ ಕೊಂಡದ್ದು, ಯಾವಾಗ ರಿಪೇರಿ, ಈಗ ಯಾರ ಬಳಿ. ಅದು ಆಸ್ತಿ. ಹೆಡ್‌ಫೋನು, ಮೌಸು ಎಣಿಸಿ ಕೊಟ್ಟು ಎಣಿಸಿ ಪಡೆಯುವ ಪರಿಕರ. ಬ್ಯಾಟರಿ, ಪ್ರಿಂಟರಿನ ಟೋನರು ಖರ್ಚಾಗಿ ಹೋಗುವವು. ಎಡಿಟಿಂಗ್ ಕಂಪ್ಯೂಟರಿನೊಳಗೆ ಕೂರಿಸಿದ ರ‍್ಯಾಮ್ ಬಿಡಿಭಾಗ, ಅದರ ವಿಳಾಸ ಆ ಕಂಪ್ಯೂಟರೇ. ಐದನೆಯದು ಸಾಫ್ಟ್‌ವೇರಿನ ಲೈಸೆನ್ಸು: ಎಷ್ಟು ಸೀಟು, ಯಾರ್ಯಾರಿಗೆ, ಯಾವ ತಾರೀಖಿನವರೆಗೆ.

ಇಷ್ಟು ಸುಲಭವಾದದ್ದು ಕೆಡುವುದೆಲ್ಲಿ? 'ಇತರೆ' ಎಂಬ ಗುಂಪಿನಲ್ಲಿ. ಮೊದಲ ದಿನ ಅದರಲ್ಲಿ ನಾಲ್ಕು ಸಾಮಾನು ಇರುತ್ತವೆ, ವರ್ಷ ಕಳೆಯುವುದರೊಳಗೆ ಅದೇ ಎಲ್ಲಕ್ಕಿಂತ ದೊಡ್ಡದು. ಒಂದು ಕಚೇರಿಯ ಪಟ್ಟಿಯಲ್ಲಿ 'ಎಲೆಕ್ಟ್ರಾನಿಕ್ಸ್' ಎಂಬ ಒಂದೇ ತಲೆಬರಹದಡಿ ಸರ್ವರಿನಿಂದ ಹಿಡಿದು ಬಿಸಿನೀರಿನ ಕೆಟ್ಲಿನವರೆಗೆ ಎಲ್ಲ ಇದ್ದುದನ್ನು ನಾನೇ ಕಂಡಿದ್ದೇನೆ. ಪಾಪ, ಕೆಟ್ಲೂ ಕರೆಂಟಿನದೇ ತಾನೇ!

ಎಲ್ಲಕ್ಕಿಂತ ಹೆಚ್ಚು ಕಾಡುವುದು ಸಾಫ್ಟ್‌ವೇರು, ಏಕೆಂದರೆ ಅದು ಕಣ್ಣಿಗೆ ಕಾಣುವುದಿಲ್ಲ. ಸಿಕಂದರಾಬಾದಿನ ಪಾರ್ಕ್ ಲೇನ್ ಕಡೆ ಹೋಗಿ ಹತ್ತು ಕಂಪ್ಯೂಟರ್ ತಂದಿರಿ ಎನ್ನಿ. ಪೆಟ್ಟಿಗೆ ಹತ್ತು ಇವೆಯೇ ಎಂದು ಮಗುವೂ ಎಣಿಸೀತು. ಒಳಗಿರುವ ವಿಂಡೋಸ್ ಯಾವ ಆವೃತ್ತಿ, ಬಿಲ್ಲು ಯಾರ ಹೆಸರಿನಲ್ಲಿ ಎಂದು ಕೇಳಿದರೆ ತಡವರಿಸುತ್ತೇವೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ರಂದು ನಿಂತಿತು. ಯಾವ ಯಂತ್ರದಲ್ಲಿ ಯಾವ ಆವೃತ್ತಿ ಎಂದು ಬರೆದಿಟ್ಟುಕೊಂಡಿದ್ದವರಿಗೆ ಅದು ಅರ್ಧ ದಿನದ ಕೆಲಸ. ಬರೆದಿಡದವರು ಒಂದೊಂದೇ ಯಂತ್ರ ಆನ್ ಮಾಡಿ ನೋಡಬೇಕಾಯಿತು.

ಲೆಕ್ಕಪತ್ರದವರ ನೋಟವೇ ಬೇರೆ. ನಮ್ಮ ದೇಶದ ಲೆಕ್ಕಪತ್ರ ಮಾನದಂಡ 26ರ ಪ್ರಕಾರ ಕಂಪ್ಯೂಟರ್ ನಡೆಯಲು ಬೇಕೇ ಬೇಕಾದ ಆಪರೇಟಿಂಗ್ ಸಿಸ್ಟಂ ಆ ಯಂತ್ರದ ಜೊತೆಗೇ ಸೇರಿದ್ದು; ಬೇರೆಯಾಗಿ ಕೊಂಡ ತಂತ್ರಾಂಶ ಅಮೂರ್ತ ಆಸ್ತಿ. 2013ರ ಕಂಪನಿ ಕಾಯ್ದೆಯ ಎರಡನೇ ಅನುಸೂಚಿ ಡೆಸ್ಕ್‌ಟಾಪು, ಲ್ಯಾಪ್‌ಟಾಪಿಗೆ 3 ವರ್ಷ, ಸರ್ವರು ಮತ್ತು ನೆಟ್‌ವರ್ಕಿಗೆ 6 ವರ್ಷದ ಆಯುಸ್ಸು ಹೇಳುತ್ತದೆ. ಹಾಗಾಗಿ 'ಕಂಪ್ಯೂಟರ್' ಎಂದು ಒಟ್ಟಿಗೆ ಗುಡ್ಡೆ ಹಾಕಿದರೆ ಆಡಿಟರು ವರ್ಷದ ಕೊನೆಗೆ ಫೋನು ಮಾಡುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಗುಂಪು ಕಡಿಮೆ ಇರಲಿ, ಕಾಲಂ ಹೆಚ್ಚಿರಲಿ. ಮೂವತ್ತು ಗುಂಪು ಮಾಡಿದ ಪಟ್ಟಿಯನ್ನು ಅದನ್ನು ಮಾಡಿದವರು ರಜೆ ಹಾಕಿದ ದಿನ ಬೇರೆ ಯಾರೂ ತುಂಬಲಾರರು.

ಸರ್ಕಾರಿ ಕಚೇರಿಯಲ್ಲಿರುವ ಕೇಳುಗರಿಗೆ ಇದು ಹಳೆಯ ಪಾಠ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಯಂತ್ರ, ಪೀಠೋಪಕರಣಕ್ಕೆ ಜಿ.ಎಫ್.ಆರ್. 22 ಎಂಬ ನಮೂನೆ. ಕಾಗದ, ಬಿಡಿಭಾಗದಂಥ ಖರ್ಚಿನ ಸಾಮಾನಿಗೆ 23. ವರ್ಷಕ್ಕೊಮ್ಮೆಯಾದರೂ ಎದುರಿಗಿಟ್ಟು ತಾಳೆ ನೋಡಬೇಕು. ಇದರ ಪಕ್ಕದಲ್ಲೇ 24ನೆಯ ನಮೂನೆ ಒಂದಿದೆ, ನನಗೆ ಬಹಳ ಇಷ್ಟವಾದದ್ದು: ಚಾರಿತ್ರಿಕ ಅಥವಾ ಕಲಾತ್ಮಕ ಬೆಲೆಯ ವಸ್ತುಗಳಿಗೆ.

ಏಕೆ ಇಷ್ಟ ಅಂದರೆ, ರೇಡಿಯೊದವರ ಕೈಯಲ್ಲಿ ಒಂದು ವಿಚಿತ್ರ ಸಾಮಾನು ಇರುತ್ತದೆ: ಟೇಪು. ಅಂಗಡಿಯಿಂದ ಬಂದ ದಿನ ಅದು ಖರ್ಚಿನ ಸಾಮಾನು. ಅದರ ಮೇಲೆ ಒಬ್ಬ ಗಾಯಕರ ಧ್ವನಿ ಕೂತ ಕ್ಷಣದಿಂದ ಅದು ಬೇರೆಯೇ ವಸ್ತು. ಉಗ್ರಾಣದ ಪುಸ್ತಕಕ್ಕೆ ಮಾತ್ರ ಈ ಬದಲಾವಣೆ ತಿಳಿಯುವುದಿಲ್ಲ. ಅಮೆರಿಕದ ನಾಸಾದಂಥ ಸಂಸ್ಥೆಗೇ ಹೀಗಾಯಿತು. 1969ರ ಜುಲೈಯಲ್ಲಿ ಅಪೊಲೊ 11 ಚಂದ್ರನಿಂದ ಕಳಿಸಿದ ಮೂಲ ಚಿತ್ರಗಳಿದ್ದ ಟೇಪುಗಳನ್ನು 2006ರಿಂದ ಹುಡುಕಿದರು. 1980ರ ದಶಕದ ಆರಂಭದಲ್ಲಿ ಟೇಪಿನ ಕೊರತೆ ಬಿದ್ದಾಗ ಅವನ್ನು ಅಳಿಸಿ ಮರುಬಳಕೆ ಮಾಡಿರಬೇಕು ಎಂಬ ತೀರ್ಮಾನಕ್ಕೆ 2009ರಲ್ಲಿ ಬಂದರು. ಟಿ.ವಿ.ಯಲ್ಲಿ ಪ್ರಸಾರವಾದ ಪ್ರತಿಗಳು ಉಳಿದಿವೆ, ಹೆಚ್ಚು ಸ್ಪಷ್ಟವಾಗಿದ್ದ ಮೂಲ ಹೋಯಿತು. ಕಳ್ಳರು ಬಂದಿರಲಿಲ್ಲ, ಬೆಂಕಿ ಬಿದ್ದಿರಲಿಲ್ಲ. ಯಾರೋ ಒಬ್ಬರು ತಮ್ಮ ಕೆಲಸವನ್ನು ಪಟ್ಟಿಯ ಪ್ರಕಾರ ಮಾಡಿದ್ದರು, ಅಷ್ಟೆ.

ನಮ್ಮ ಊರಿಗೇ ಬನ್ನಿ. 1935ರ ಫೆಬ್ರವರಿ 3ರಂದು ನಿಜಾಮರ ಆಡಳಿತದಲ್ಲಿ 200 ವ್ಯಾಟ್‌ ಶಕ್ತಿಯಲ್ಲಿ ಡೆಕ್ಕನ್ ರೇಡಿಯೊ ಇಲ್ಲಿ ಮಾತಾಡಲು ತೊಡಗಿತು. ಉರ್ದು, ತೆಲುಗು, ಮರಾಠಿಯ ಜೊತೆ ಕನ್ನಡವೂ ಅದರಲ್ಲಿತ್ತು. 1950ರ ಏಪ್ರಿಲ್ 1ರಂದು ಅದು ಭಾರತ ಸರ್ಕಾರದ ಕೈಗೆ ಬಂತು. ಆ ಕಾಲದ ರೇಡಿಯೊ ಬಹುಪಾಲು ನೇರ ಪ್ರಸಾರ, ಆಡಿದ ಮಾತು ಗಾಳಿಗೆ. ಆಮೇಲೆ ಟೇಪು ಬಂತು, ಕ್ಯಾಸೆಟ್ಟು ಬಂತು, ಈಗ ಬೆರಳಿನ ಉಗುರಿನಷ್ಟು ಮೆಮೊರಿ ಕಾರ್ಡು. ಮೆಮೊರಿ ಕಾರ್ಡನ್ನು ಅಳಿಸಿ ಮತ್ತೆ ಬಳಸುವುದು ಎಷ್ಟು ಸುಲಭವೆಂದರೆ ಯಾರೂ ಯೋಚಿಸುವುದೇ ಇಲ್ಲ.

ಆದ್ದರಿಂದ ನಿಮ್ಮ ಸಂಘದ, ಶಾಲೆಯ ಪಟ್ಟಿಯಲ್ಲಿ ಸಾಮಾನು ಒಂದು ಸಾಲು, ಅದರೊಳಗಿನ ಧ್ವನಿ ಇನ್ನೊಂದು ಸಾಲು ಮಾಡಿ. ಕಾರ್ಡು ಖರ್ಚಿನದು, ಕಾರ್ಯಕ್ರಮ ಖರ್ಚಿನದಲ್ಲ. ಯಾರು ಹಾಡಿದ್ದು, ಎಲ್ಲಿ, ಯಾವ ವರ್ಷ, ಪ್ರತಿ ಎಲ್ಲಿದೆ ಎಂಬ ನಾಲ್ಕು ಕಾಲಂ ಸಾಕು. ಕಾರ್ಡು ಅಳಿಸುವವರು ಮೊದಲು ಈ ನಾಲ್ಕನೆಯ ಕಾಲಂ ನೋಡಲಿ. ಅದು ಖಾಲಿ ಇದ್ದರೆ ಕೈ ಹಚ್ಚಬಾರದು. ಇನ್ನು ಮನೆಯ ಅಟ್ಟದಲ್ಲಿ ಬರೇ 'ಹಾಡು' ಎಂದು ಬರೆದ ಹಳೆಯ ಕ್ಯಾಸೆಟ್ಟುಗಳು ಇದ್ದೇ ಇರುತ್ತವೆ. ಅಜ್ಜಿಗೆ ನೆನಪಿರುವಾಗಲೇ ಕೇಳಿ ಹೆಸರು, ವರ್ಷ ಬರೆಸಿಕೊಳ್ಳಿ. ಕ್ಯಾಸೆಟ್ಟಿನ ಬೆನ್ನಿನ ಮೇಲೆ ಎರಡು ಮೂಲೆಗಳಲ್ಲಿ ಪುಟ್ಟ ಪ್ಲಾಸ್ಟಿಕ್ ಚೂರುಗಳಿವೆ ನೋಡಿ, ಸ್ಕ್ರೂಡ್ರೈವರಿನ ತುದಿಯಿಂದ ಎರಡನ್ನೂ ಮುರಿದುಬಿಡಿ. ಆಮೇಲೆ ಗೊತ್ತಿಲ್ಲದವರು ರೆಕಾರ್ಡಿನ ಗುಂಡಿ ಒತ್ತಿದರೂ ಅದು ಒಳಗೆ ಹೋಗುವುದಿಲ್ಲ.