ಸಂಬಳ, ಗಿಂಬಳ ಮತ್ತು ನಮ್ಮ ಸಂಘ
(ಬೆಳ್ಳಿಹಬ್ಬದ ಸಮಾರಂಭದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಲಂಚದ ವಿಷಯವಾಗಿ ಎರಡು ಮಾತಾಡಬೇಕೆಂದು ಆಡಳಿತ ಮಂಡಳಿಯವರು ನನಗೆ ಒಪ್ಪಿಸಿದ್ದಾರೆ. ನಾನು ಎಸ್‌ಎಸ್‌ಎಲ್‌ಸಿವರೆಗೆ ಓದಿದ ರೈತ. ಶಾಸ್ತ್ರದ ಮಾತು ಬರೋದಿಲ್ಲ, ಕಂಡದ್ದನ್ನು ಹೇಳ್ತೀನಿ.

1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯವರು ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಶುರು ಮಾಡಿದರು. ಬರಬರುತ್ತಾ ನಮ್ಮ ಆನೇಕಲ್ ಸೀಮೆಯ ರಾಗಿ ಹೊಲಗಳು ಸೈಟಾದವು. ಹೊಲದ ಬೆಲೆ ಏರಿದ ಹಾಗೇ ಒಂದು ರುಜುವಿನ ಬೆಲೆಯೂ ಏರಿತು. ರಾಗಿ ಬೆಳೆಯುವಾಗ ಪಹಣಿ ತಿದ್ದಿಸಿ ಯಾರಿಗೇನು ಸಿಗುತ್ತಿತ್ತು? ಸೈಟಾದ ಮೇಲೆ ಒಂದು ಗುಂಟೆ ಅತ್ತಿತ್ತ ಆದರೂ ಲಕ್ಷಾಂತರ ರೂಪಾಯಿ. ಬೆಂಗಳೂರಿನ ಸುತ್ತಮುತ್ತ ಸರ್ಕಾರಿ ಜಮೀನಿನ ಒತ್ತುವರಿ ನೋಡಲು ಎ.ಟಿ. ರಾಮಸ್ವಾಮಿಯವರ ಅಧ್ಯಕ್ಷತೆಯಲ್ಲಿ ಸದನ ಸಮಿತಿಯೇ ಆಗಬೇಕಾಯಿತು. 2007ರಲ್ಲಿ ಅದರ ವರದಿಯೂ ಬಂತು. ಬಡತನದಿಂದ ಲಂಚ ಅಂತಾರೆ. ಅದು ಅರ್ಧ ಮಾತು. ನಮ್ಮ ಸೀಮೆಯಲ್ಲಿ ಲಂಚ ಕೊಬ್ಬಿದ್ದು ದುಡ್ಡು ಬಂದ ಮೇಲೆ.

ಹಾಗಾದರೆ ದೇವರ ಭಯ ಇಲ್ಲವೇ? ಇದೆ. ಗಿಂಬಳ ತಿಂದವರೂ ತಿರುಪತಿಗೆ ಹೋಗ್ತಾರೆ, ಊರ ಗುಡಿಗೆ ಕಮಾನು ಕಟ್ಟಿಸ್ತಾರೆ. ದುಡ್ಡು ಎಲ್ಲಿಂದ ಬಂತು ಅಂತ ಕೇಳದೆ ನಾವೂ ಹಾರ ಹಾಕ್ತೀವಿ. ಹರಕೆ ಬೇರೆ, ಲಂಚ ಬೇರೆ. ಹರಕೆಯನ್ನು ನಮ್ಮ ಬೆವರಿನ ದುಡ್ಡಲ್ಲಿ ತೀರಿಸ್ತೀವಿ. ಲಂಚ ಇನ್ನೊಬ್ಬರ ಹಕ್ಕನ್ನು ಕಿತ್ತು ಕೊಡೋದು. ಬಸವಣ್ಣನವರು ಬಿಜ್ಜಳನ ಭಂಡಾರಿ. ಭಂಡಾರದ ಹಣ ದುರುಪಯೋಗವಾಗಿದೆ ಎಂದು ದೂರು ಬಂದಾಗ ಲೆಕ್ಕ ಒಪ್ಪಿಸಿ ತೋರಿಸಿದರು ಅಂತ ಹಿರಿಯರು ಕಥೆ ಹೇಳ್ತಾರೆ. ಅಷ್ಟು ದೊಡ್ಡ ಭಕ್ತರೂ ‘ನನ್ನ ಭಕ್ತಿ ನೋಡಿ’ ಅನ್ನಲಿಲ್ಲ, ಲೆಕ್ಕ ತೋರಿಸಿದರು. ಇದೇ ನನ್ನ ಮುಖ್ಯ ಮಾತು.

ಲೆಕ್ಕ ಬಯಲಿಗೆ ಬಂದ ಕಡೆ ಲಂಚ ಬಡವಾಗುತ್ತೆ. ಹಿಂದೆ ಪಹಣಿ ಗ್ರಾಮ ಲೆಕ್ಕಿಗರ ಕೈಬರಹದಲ್ಲಿತ್ತು. ಭೂಮಿ ಯೋಜನೆಯಲ್ಲಿ ಕಂಪ್ಯೂಟರಿಗೆ ಬಂದ ಮೇಲೆ 15 ರೂಪಾಯಿ ಕಟ್ಟಿ ಯಾರು ಬೇಕಾದರೂ ತೆಗೆಸುವಂತಾಯಿತು. ಪೋಡಿ, ಖಾತೆ ಬದಲಾವಣೆಗೆ ಇನ್ನೂ ಮನುಷ್ಯರ ಕೈ ಬೇಕು, ಮಾಮೂಲು ಅಲ್ಲೇ ಉಳಿಯಿತು. ಅದಕ್ಕೂ 2011ರ ಸಕಾಲ ಕಾಯ್ದೆ ಇದೆ. ಅದರಡಿ ಬರುವ ಕೆಲಸ ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಅರ್ಜಿ ಹಾಕಿದಾಗ ಸಕಾಲ ನಂಬರು ಕೇಳಿ ಪಡೆಯಿರಿ. ಇನ್ನೊಂದು ವಿಷಯ. 2018ರ ತಿದ್ದುಪಡಿಯಾದ ಮೇಲೆ ಲಂಚ ಕೊಟ್ಟವರಿಗೂ 7 ವರ್ಷದವರೆಗೆ ಶಿಕ್ಷೆ ಆಗಬಹುದು. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ಪೊಲೀಸರಿಗೆ ಅಥವಾ ಲೋಕಾಯುಕ್ತದವರಿಗೆ ತಿಳಿಸಬೇಕು.

ಈಗ ನಮ್ಮ ಮನೆ ಮಾತು. ನಮ್ಮ ಡೇರಿಯಲ್ಲಿ ಎಲ್ಲರ ಕಣ್ಣೆದುರೇ ಹಾಲು ಅಳೀತಾರೆ, ಫ್ಯಾಟ್, ಡಿಗ್ರಿ ನೋಡಿ ಚೀಟಿ ಕೊಡ್ತಾರೆ. ಈ ಸಂಘ 25 ವರ್ಷ ನಿಂತಿರೋದು ಆ ಚೀಟಿಯ ಮೇಲೆ. ಆದರೆ ಆಡಳಿತ ಮಂಡಳಿ ಚುನಾವಣೆ ಬಂದರೆ ನೋಟು, ಬಾಡೂಟ, ಕುಕ್ಕರ್ ಹಂಚುವ ಗಾಳಿ ನಮ್ಮ ಕಡೆಗೂ ಬೀಸ್ತಾ ಇದೆ. ಸಹಕಾರದಲ್ಲಿ ಹತ್ತು ಹಸು ಇದ್ದವರಿಗೂ ಒಂದೇ ಓಟು, ಒಂದು ಹಸು ಇದ್ದವರಿಗೂ ಒಂದೇ ಓಟು. ಆ ಒಂದನ್ನೂ ಮಾರಿಕೊಂಡರೆ ನಮ್ಮ ಹತ್ತಿರ ಏನುಳೀತು? ಲಕ್ಷ ಖರ್ಚು ಮಾಡಿ ಗೆದ್ದ ನಿರ್ದೇಶಕ ಅದನ್ನ ಎಲ್ಲಿ ದುಡೀತಾನೆ? ನಿಮ್ಮ ಹಾಲಿನಲ್ಲಿ, ನಿಮ್ಮ ಬೋನಸ್ಸಿನಲ್ಲಿ.

ಆದ್ದರಿಂದ ನನ್ನದೊಂದು ಕೋರಿಕೆ. ಪ್ರತಿ ತಿಂಗಳ ಜಮಾ ಖರ್ಚು ಡೇರಿ ಗೋಡೆಯ ಬೋರ್ಡಿನ ಮೇಲೆ ಬರಲಿ. ಮುಂದಿನ ಚುನಾವಣೆಗೆ ನಾನೂ ಸೇರಿ ಯಾರೂ ಏನನ್ನೂ ಹಂಚಬಾರದೆಂದು ಮಹಾಸಭೆಯಲ್ಲಿ ಠರಾವು ಆಗಲಿ. ಬೋರ್ಡಿನ ಲೆಕ್ಕದಲ್ಲಿ ಅನುಮಾನ ಬಂದರೆ ನಿಂತು ಕೇಳಿ. ಕೇಳುವವರನ್ನು ಸಂಘದ ವೈರಿ ಅನ್ನಬೇಡಿ, ಅವರೇ ಸಂಘದ ಕಾವಲು.

 ಜೈ ಸಹಕಾರ.